ನೂರಕ್ಕೆ ಮೂರು

ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಅಂಗೈ ಒತ್ತಿ ಹಿಡಿದರೆ ಒಂದು ಗಳಿಗೆ ಸುಮ್ಮನಾಗುತ್ತದೆ, ತೆಗೆದರೆ ಮತ್ತೆ ಶುರು, ಹಾಳಾದ್ದು, ಹುಬ್ಬಳ್ಳಿ ಮುಟ್ಟುವ ತನಕ ಇದೇ ಗತಿ — ಶಂಭುಲಿಂಗಪ್ಪ ಮಾಸ್ತರು ಕೈಯನ್ನು ತೊಡೆಯ ಮೇಲಿಟ್ಟುಕೊಂಡರು, ಹೊರಗೆ ಕಡಲೆ ಹೊಲ ಹಿಂದಕ್ಕೆ ಓಡುತ್ತಿತ್ತು, ಎರಡು ಸಾಲು ಮುಂದೆ ಬಾಷಾಬಿಯ ಹಸಿರು ಸೆರಗು, ನವಲಗುಂದದಲ್ಲಿ ಬಸ್ಸು ಹತ್ತಿದಾಗಿನಿಂದ ಆಕೆ ಒಂದು ಸಲವೂ ಹಿಂತಿರುಗಿ ನೋಡಿಲ್ಲ, ನೋಡದಿದ್ದರೇ ಚಲೋ, ನೋಡಿದರೆ ಯಾವ ಮುಖ ತೋರಿಸುವುದು, ಬೆಳಿಗ್ಗೆ ಆಕೆ ಬಾಗಿಲಿಗೆ ಬಂದು ನಿಂತಾಗಲೇ ಧೋತರ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದ್ದರು, ಮಾಸ್ತರ್ರ, ಹುಬ್ಬಳ್ಳಿ ಕಂಪನಿಗೆ ಕೀಲಿ ಬಿದ್ದೈತಂತ, ಖರೇ ಏನ್ರಿ, ಅಂದಳು, ಗೊತ್ತಿಲ್ಲ ತಂಗೀ, ನಡಿ, ಹೋಗಿ ನೋಡೂಣು, ಅಂದರು ಇವರು. ಗೊತ್ತಿಲ್ಲವಂತೆ. ಥೂ, ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಬೆತ್ತ ಬೀಸಿದ ಕೈಯಪ್ಪಾ ಇದು, ಆ ಕೈ ಹೊರಡುವಾಗ ತಾನಾಗಿ ಪೋಸ್ಟಿನ ಪಾಸ್‌ಬುಕ್ಕನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡಿತ್ತು, ಹೇಳಿಬಿಡಬೇಕು ಅಂತಲೇ ಹಾಕಿಕೊಂಡದ್ದು, ನೋಡು ಬಾಷಾಬಿ, ನನ್ನದು ಉಳಿದಿದೆ, ಇದರಲ್ಲಿ ನಿನಗೂ ಕೊಡುತ್ತೇನೆ ಅಂತ — ಬಸ್‌ಸ್ಟ್ಯಾಂಡಿನ ತನಕ ಆ ಮಾತು ಬಾಯಲ್ಲೇ ಇತ್ತು, ಬಸ್ಸು ಹತ್ತಿದ ಮೇಲೆ ಎಲ್ಲಿ ಇಳಿದು ಹೋಯಿತೋ.

ಎಂಬತ್ತೈದರ ಯುಗಾದಿಯ ಮರುದಿನ ಆಕೆ ಡಾಲ್ಡಾ ಡಬ್ಬಿ ಹಿಡಿದು ಪಡಸಾಲೆಗೆ ಬಂದಿದ್ದಳು, ಡಬ್ಬಿಯಲ್ಲಿ ಏಳು ಸಾವಿರ, ಹನ್ನೆರಡು ವರ್ಷದ ಜಮಖಾನೆ, ಮಗ್ಗದ ಮುಂದೆ ಕೂತು ಕೂತು ಸೊಂಟ ಬಗ್ಗಿ ಹೋದ ಏಳು ಸಾವಿರ, ಇದು ಜೈತುನಬಿದು, ಅಂದಳು, ಮಗಳ ಹೆಸರು ಹೇಳುವಾಗ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು, ಅವರ ಓಣಿಯಲ್ಲಿ ಜಮಖಾನೆ ನೇಯುವುದನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ, ಮಗಳು ಲಗ್ನವಾಗಿ ಬೇರೆ ಊರಿಗೆ ಹೋದರೆ ಕಸುಬೂ ಆಕೆಯ ಹಿಂದೆ ಹೋಗುತ್ತದೆ ಅಂತ, ಹುಡುಗಿ ಮಗ್ಗದ ಹತ್ತಿರ ಬಂದರೆ ಬಾಷಾಬಿಯೇ ಗದರಿಸಿ ಕಳಿಸುತ್ತಿದ್ದಳು, ಹೊಟ್ಟೀಲೆ ಹುಟ್ಟಿದ ಮಗಳಿಗೆ ಕೈಕೆಲಸ ಕೊಡಲಿಲ್ರಿ, ರೊಕ್ಕನರ ಕೊಡಬೇಕಲ್ರಿ, ಅಂದಳು, ಆಮೇಲೆ ಕೇಳಿದಳು, ಎಂಥ ಮಾತು ಕೇಳಿದಳು, ರೊಕ್ಕ ಭದ್ರನೂ ಇರಬೇಕು, ಜಲ್ದಿ ಬೆಳೀಲೂ ಬೇಕು, ಎರಡೂ ಆಗ್ತಾವೇನ್ರಿ ಮಾಸ್ತರ್ರ? ಎರಡೂ ಆಗುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು, ಪೋಸ್ಟಿನಲ್ಲಿಡು, ಆರು ವರ್ಷಕ್ಕೆ ದುಪ್ಪಟ್ಟು, ಕಣ್ಣು ಮುಚ್ಚಿ ನಿದ್ದೆ ಮಾಡು ಅಂತ — ಆರು ವರ್ಷದಾಗ ಹುಡುಗಿಗೆ ಇಪ್ಪತ್ನಾಲ್ಕು ಆಗ್ತಾವ್ರಿ, ಯಾರು ಮಾಡ್ಕೋತಾರ, ಅಂತ ಆಕೆ ಅಂದಾಳು ಅಂತ ಇವರಿಗೇ ಅನ್ನಿಸಿಬಿಟ್ಟಿತು, ಮತ್ತೆ ದೊಡ್ಡಸ್ತಿಕೆ ಬೇರೆ, ಓಣಿಯವರೆಲ್ಲ ಮಾಸ್ತರನ್ನೇ ಕೇಳುತ್ತಾರೆ ಅನ್ನುವ ದೊಡ್ಡಸ್ತಿಕೆ, ಆಗ್ತಾವ ತಂಗೀ, ಯಾಕ ಆಗೂದಿಲ್ಲ, ಹುಬ್ಬಳ್ಳಿಯೊಳಗ ಒಂದು ಕಂಪನಿ ಐತಿ, ತಿಂಗಳಾ ನೂರಕ್ಕ ಮೂರು ರೂಪಾಯಿ, ನಂದೂ ಅಲ್ಲೇ ಐತಿ, ಅಂದರು. ನಂದೂ ಅಲ್ಲೇ ಐತಿ. ಆಕೆ ಕಂಪನಿಯ ಹೆಸರು ಸಹ ಕೇಳಲಿಲ್ಲ, ಕಾಗದ ಓದಿಸಲಿಲ್ಲ, ಆ ಮೂರು ಶಬ್ದಕ್ಕೇ ಡಬ್ಬಿಯನ್ನು ಇವರ ಮುಂದೆ ಇಟ್ಟು ಎದ್ದಳು, ತಿಂಗಳ ಬಡ್ಡಿಯನ್ನೂ ಎತ್ತಲಿಲ್ಲ, ಅಲ್ಲೇ ಬೆಳೀಲಿ ಬಿಡ್ರಿ, ಅಂದಳು.

ಕರಿಹಲಗೆಯ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದಾರೋ, ಅಸಲು ಇಷ್ಟು, ದರ ಇಷ್ಟು, ಅವಧಿ ಇಷ್ಟು, ಹಾಗಾದರೆ ಬಡ್ಡಿ ಎಷ್ಟು, ಹುಡುಗರು ಬಾಯಲ್ಲಿ ಬಳಪ ಕಚ್ಚಿಕೊಂಡು ಲೆಕ್ಕ ಮಾಡುತ್ತಿದ್ದರು, ಆ ಪುಸ್ತಕದ ಲೆಕ್ಕದಲ್ಲಿ ಅಸಲು ಯಾವತ್ತೂ ಓಡಿಹೋಗುವುದಿಲ್ಲ, ಅಸಲು ತಗೊಂಡವನು ಕೀಲಿ ಹಾಕಿಕೊಂಡು ಪರಾರಿಯಾದರೆ ಬಡ್ಡಿ ಎಷ್ಟು ಅಂತ ಒಬ್ಬ ಹುಡುಗನೂ ಕೇಳಲಿಲ್ಲ, ಇವರೂ ಕೇಳಿಕೊಳ್ಳಲಿಲ್ಲ, ವರ್ಷಕ್ಕೆ ನೂರಕ್ಕೆ ಮೂವತ್ತಾರು ಕೊಡಬೇಕಾದರೆ ಅವನು ಎಷ್ಟು ಗಳಿಸಬೇಕು, ಎಲ್ಲಿ ಗಳಿಸಬೇಕು, ಯಾವ ಹೊಲದಲ್ಲಿ ಅಂಥ ಬೆಳೆ ಬರುತ್ತದೆ — ಕೇಳಿಕೊಂಡದ್ದು ದೀಪಾವಳಿಗೆ, ಬಡ್ಡಿ ನಾಲ್ಕು ದಿನ ತಡವಾದಾಗ, ಅವತ್ತು ಒಬ್ಬರೇ ಇದೇ ಬಸ್ಸು ಹತ್ತಿ ಹೋಗಿದ್ದರು, ಮ್ಯಾನೇಜರ್ ಚಹಾ ತರಿಸಿ, ಬಾಗಿಲು ಮುಂದೆ ಮಾಡಿ, ಹದಿನೈದು ಸಾವಿರ ಎಣಿಸಿ ಕೊಟ್ಟ, ನಿಮ್ಮದು ತಗೊಂಡು ಸುಮ್ಮ ಹೋಗ್ರಿ ಮಾಸ್ತರ, ಊರಾಗ ಬಾಯಿ ಬಿಟ್ರ ನಾಳಿ ಮಂದಿ ಮುಕುರತಾರ, ಯಾರಿಗೂ ದಕ್ಕೂದಿಲ್ಲ, ಅಂದ. ರೊಕ್ಕ ಪೋಸ್ಟಿಗೆ ಹಾಕಿದರು, ಬಾಯಿ ಬಿಡಲಿಲ್ಲ. ಮೊದಲ ದಿನ ನಾಳೆ ಹೇಳೋಣ ಅಂದುಕೊಂಡರು, ಎರಡನೇ ದಿನ ಸಂಕೋಚ, ವಾರವಾದ ಮೇಲೆ, ಇಷ್ಟು ದಿನ ಯಾಕ ಹೇಳಲಿಲ್ರಿ ಅಂತ ಕೇಳಿದರೆ ಏನು ಹೇಳುವುದು ಅನ್ನುವ ಹೆದರಿಕೆ, ಹೀಗೇ ಎರಡೂವರೆ ತಿಂಗಳು, ದಿನಾ ಆಕೆಯ ಓಣಿ ಬಳಸಿಕೊಂಡು ಓಡಾಟ. ಈಗಲಾದರೂ ಹೇಳು, ಎದ್ದು ಹೋಗಿ ಆಕೆಯ ಬಾಜು ನಿಂತು ಹೇಳು, ಏಳು ಸಾವಿರ ಹೋದರೂ ಎಂಟು ಉಳಿಯುತ್ತದೆ, ಪಿಂಚಣಿ ಇದೆ, ಹೆಂಡತಿ ರೇವವ್ವನ ಕಣ್ಣಿನ ಆಪರೇಶನ್ ಮುಂದೆ ಹಾಕಿದರಾಯಿತು, ರೇವವ್ವನಿಗೆ ಏನು ಹೇಳುವುದು — ಏಳು, ಏಳೋ ಮುದುಕಾ.

ಬಾಷಾಬಿಯೇ ಎದ್ದಳು. ಸೀಟು ಹಿಡಿದುಕೊಂಡು ಓಲಾಡುತ್ತ ಇವರ ಕಡೆಗೇ ಬಂದಳು, ಗೊತ್ತಾಯಿತು, ಯಾರೋ ಹೇಳಿದ್ದಾರೆ, ಈಗ ಬಸ್ಸಿನ ಮಂದಿಯ ಮುಂದೆ ಬಯ್ಯುತ್ತಾಳೆ, ಬಯ್ಯಲಿ, ದೇವರೇ, ಬಯ್ದುಬಿಡಲಿ — ಆಕೆ ಕೈ ಚಾಚಿದಳು, ನೂಲು ಜಗ್ಗಿ ಜಗ್ಗಿ ಗೀರು ಬಿದ್ದ ಎರಡು ಬೆರಳು, ನಡುವೆ ಒಂದು ಟಿಕೀಟು, ನಿಮ್ಮದೂ ನಾನಽ ತಗಸೀನ್ರಿ ಮಾಸ್ತರ್ರ, ನನಗರ ರಟ್ಟಿಯೊಳಗ ಕಸುವು ಐತಿ, ಮತ್ತ ನೇಯ್ತೀನಿ, ನೀವು ವಯಸ್ಸಾದವರು, ನಿಮ್ಮದೂ ಪೂರಾ ಹೋತಲ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ. ಬಾಯಿ ತೆರೆದರು. ಹೌದು ತಂಗೀ, ಹೋತು, ಅಂದರು. ಅಂದೇಬಿಟ್ಟರು. ಆಕೆ ತಿರುಗಿ ಹೋಗಿ ಕೂತಿದ್ದಾಳೆ, ಹಸಿರು ಸೆರಗು ಮತ್ತೆ ಅಲ್ಲೇ ಇದೆ, ಕುಸುಗಲ್ ಬಂತು, ಯಾರೋ ಇಳಿದರು, ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಹೇಳಿದರಾಯಿತು, ಕೀಲಿ ನೋಡಿದ ಮೇಲೆ — ಗೀರು ಬಿದ್ದ ಎರಡು ಬೆರಳು, ನಡುವೆ ಟಿಕೀಟು — ಅಥವಾ ಜೈತುನಬಿಯ ಲಗ್ನಕ್ಕೆ ಅಂತ ಸುಮ್ಮನೆ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿದರೆ, ಎರಡು ಸಾವಿರ, ಇಲ್ಲ, ಒಂದು ಸಾವಿರ — ಎರಡು ಬೆರಳು, ನಡುವೆ ಟಿಕೀಟು — ಐದುನೂರಾದರೂ — ಎರಡು ಬೆರಳು, ಟಿಕೀಟು, ತಗೋರಿ ಮಾಸ್ತರ್ರ, ಎರಡು ಬೆರಳು, ಟಿಕೀಟು.