ಇನ್ನೊಂದ್ ಸಲ ಸಿಕ್ಕಿಬೀಳು

“ಬೋಳಿಮಗನೆ, ನಿನ್ ಮೂತಿ ನೋಡು. ಮದುವೆ ಗಂಡು ಇದ್ದಂಗಿದೀಯ. ನಶೆ ಎಲ್ಲೋ?”

ಡೈರೆಕ್ಟರ್ ಬೈದ ಮೇಲೆ ಪಂಕ್ಚರ್ ಎಂಬ ಹುಡುಗ ಒದ್ದೆ ಬಟ್ಟೆಚೂರನ್ನು ಮತ್ತೆ ಮೂಗಿಗೆ ಒತ್ತಿಕೊಂಡ. ಬಟ್ಟೆಯಲ್ಲಿದ್ದದ್ದು ಬರೀ ನೀರು. ಟ್ಯೂಬಿಗೆ ತೇಪೆ ಹಾಕುವ ಸೊಲ್ಯೂಷನ್ ಮೂಸಿ ಮೂಸಿಯೇ ಅವನಿಗೆ ಆ ಹೆಸರು ಅಂಟಿದ್ದು. ಅದನ್ನು ಬಿಟ್ಟು ವರ್ಷವಾಗುತ್ತ ಬಂದಿತ್ತು. ಬಿಡಿಸಿದವರು ಬೀದಿ ಮಕ್ಕಳ ಆಶ್ರಮ ನಡೆಸುವ ಪಾಸ್ಟರ್. ಕಾಲಿಗೆ ಸರಪಳಿ ಹಾಕಿ ಮಂಚಕ್ಕೆ ಕಟ್ಟಿದವರು ಅವರೇ. ವಾಂತಿ ಬಂದಾಗ ಬೊಗಸೆಯೊಡ್ಡಿ ಹಿಡಿದವರೂ ಅವರೇ. ಸುಳ್ಳು ಯಾಕೆ ಹೇಳಬೇಕು? ಆದರೆ ನಶೆ ಇಳಿದರೂ ಆಶ್ರಮದ ಗೇಟಿನ ಬೀಗ ಇಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಕಕ್ಕಸು ತೊಳೆಯುವ ಅಕ್ಕ ಗೇಟಿಗೆ ಬಂದು ಬಂದು ಸುಸ್ತಾದಳು. “ಮನೆಯವರ ಮುಖ ಕಂಡ್ರೆ ಮತ್ತೆ ಚಟಕ್ಕೆ ಬೀಳ್ತಾನಮ್ಮ. ಅವನಿನ್ನು ನನ್ ಮಗ,” ಎಂದು ಪಾಸ್ಟರ್ ಅವಳನ್ನು ಸಾಗಹಾಕಿದ್ದರು.

ಇವತ್ತು ಅವನನ್ನು ಹೊರಗೆ ಕರೆತಂದಿದ್ದು ಸಾಕ್ಷ್ಯಚಿತ್ರಕ್ಕೆ. ಪಾಸ್ಟರ್ ಬೀದಿ ಮಕ್ಕಳನ್ನು ಹಿಡಿದೊಯ್ಯುವುದು ರಕ್ಷಣೆಯೋ ಅಪಹರಣವೋ ಎಂದು ಊರೆಲ್ಲ ಕಿತ್ತಾಡುತ್ತಿತ್ತು. ಚಿತ್ರದವರಿಗೆ ಆ ಹಿಡಿಯುವುದೇ ಬೇಕು. ಹಿಡಿದದ್ದು ಹೋದ ವರ್ಷ, ಕ್ಯಾಮೆರಾ ಬಂದದ್ದು ಈಗ. ಹಾಗಾಗಿ ಸೇತುವೆ ಕೆಳಗೆ ಪಂಕ್ಚರ್ ಮೂಸಬೇಕು, ಓಡಬೇಕು, ಸಿಕ್ಕಿಬೀಳಬೇಕು. ಅಡ್ಡ ಹಾಕಲು ಅಲ್ಲಿನ ಹಳೇ ಜೊತೆಗಾರರೇ ಇದ್ದರು. ಅವರಿಗೆ ಊಟದ ಪೊಟ್ಟಣದ ಆಸೆ ತೋರಿಸಿದ್ದರು.

“ಇನ್ನೊಂದ್ ಸಲ ಓಡು ಮಗನೇ,” ಎಂದರು ಪಾಸ್ಟರ್, ಏದುಸಿರು ಬಿಡುತ್ತ. “ಆ ಕಂಬದ ಹತ್ರ ನಿಂತ್ಕೊಂಡ್ಬಿಡು. ನಂಗೆ ವಯಸ್ಸಾಯ್ತು.”

ಪಂಕ್ಚರ್ ಓಡಿದ. ಕಂಬ ಬಂತು, ನಿಲ್ಲಲಿಲ್ಲ. ತಿರುವು ದಾಟಿದರೆ ಬಸ್ ನಿಲ್ದಾಣ, ಅಲ್ಲಿ ಅಕ್ಕ. ಎದ್ದೆನೋ ಬಿದ್ದೆನೋ ಎಂದು ಓಡಿದ. ತಿರುವಿನಲ್ಲಿ ಜೊತೆಗಾರರಲ್ಲಿ ದೊಡ್ಡವನಾದ, ಬೀಡಿ ಎಂದು ಕರೆಸಿಕೊಳ್ಳುವವನು ಕಾಲು ಅಡ್ಡ ಕೊಟ್ಟ. ಉಳಿದವರು ಮೇಲೆ ಬಿದ್ದರು.

“ಬಿಡ್ರೋ ಸೂಳೇಮಕ್ಳಾ. ಇದು ಸಿನಿಮಾ ಅಲ್ಲ ಕಣ್ರೋ. ಅಕ್ಕನ ಹತ್ರ ಹೋಗ್ತಿದೀನಿ.”

“ಏನ್ ಆಕ್ಟಿಂಗ್ ಮಾಡ್ತಾನ್ರೋ ಇವ್ನು,” ಎಂದು ನಗುತ್ತ ಬೀಡಿ ಅವನ ಕೈ ತಿರುಚಿ ಹಿಡಿದ. “ಅಣ್ಣಾ, ಬೇಗ ಬನ್ನಿ. ಹಿಡ್ಕೊಂಡಿದೀವಿ.”

ಕ್ಯಾಮೆರಾ ಮುಖದ ಮೇಲೇ ಬಂತು. ಹಿಂದೆಯೇ ಬಂದ ಪಾಸ್ಟರ್ ಅವನನ್ನು ಬಾಚಿ ತಬ್ಬಿಕೊಂಡರು. ಅವರಿಗೆ ಎಲ್ಲ ಗೊತ್ತಾಗಿತ್ತು. “ಓಡಿಹೋಗಲ್ಲ ಅಂತ ಮಾತು ಕೊಟ್ಟಿದ್ಯಲ್ಲೋ,” ಎಂದು ಕಿವಿಯಲ್ಲಿ ಹೇಳಿದರು. ತೋಳು ಮಾತ್ರ ಸಡಿಲವಾಗಲಿಲ್ಲ.

ಪಂಕ್ಚರ್ ಗಂಟಲಲ್ಲಿದ್ದದ್ದನ್ನೆಲ್ಲ ಒಟ್ಟುಮಾಡಿ ಕ್ಯಾಮೆರಾದ ಗಾಜಿಗೇ ಉಗಿದ.

ಒರೆಸಲು ಹೋದ ಕ್ಯಾಮೆರಾದವನನ್ನು ಡೈರೆಕ್ಟರ್ ತಡೆದ. “ಮುಟ್ಬೇಡ, ಹಾಗೇ ಇರ್ಲಿ. ಬೆಳಗ್ಗೆಯಿಂದ ನಂಗೆ ಬೇಕಾಗಿದ್ದು ಇದೇ.”

ಪಂಕ್ಚರ್ ಮತ್ತೆ ಉಗಿಯಲು ನೋಡಿದ. ಬಾಯಿ ಒಣಗಿತ್ತು.