ಮೇಕೆಯ ಮುಂದೆ ಆಡಿದ ಮಾತು

“ನೀ ಅಂದ್ರ ನನಗ ಜೀವ ಅದ. ಆದ್ರ ಒಮ್ಮಿ ನನ್ನ ಮಾತೂ ಪೂರಾ ಕೇಳು.”

ಹಿತ್ತಿಲಿನಿಂದ ಮೊಮ್ಮಗಳ ದನಿ ಕೇಳಿ ದೇವಕಮ್ಮನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಇಣುಕಿದಳು. ಪಂಚಶೀಲಾಳ ಎದುರು ಮೇಕೆಯ ಹೊರತು ಯಾರೂ ಇರಲಿಲ್ಲ. ಹಾಗಾದರೆ ಹುಡುಗಿ ಯಾರಿಗೆ ಹೇಳಲು ಈ ಮಾತನ್ನು ರೂಢಿ ಮಾಡುತ್ತಿದ್ದಾಳೆ? ಹಂಚಿನ ಮೇಲೆ ರೊಟ್ಟಿ ಕರಕಾಯಿತು.

ಮಗ, ಸೊಸೆ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದರು. ಹದಿನಾಲ್ಕರ ಹುಡುಗಿಯ ಹೊಣೆ ಮುದುಕಿಯದು. ನಾಳೆಯಿಂದ ಎರಡು ತಿಂಗಳು ಶಹಾಪುರದ ಕಡೆ ಹತ್ತಿ ಬಿಡಿಸುವ ಕೆಲಸ; ದಿನಾ ಬೆಳಿಗ್ಗೆ ಟೆಂಪೊದಲ್ಲಿ ಹೋಗಿ ಕತ್ತಲಾಗುವಾಗ ಮರಳುವುದು. ಮೊಮ್ಮಗಳನ್ನೂ ಕರೆದೊಯ್ಯಲೆಂದು, ಬಿಡಿಸಿದ ಹತ್ತಿ ತುಂಬಿಕೊಳ್ಳುವ ಉಡಿಯೊಂದನ್ನು ಹಳೆಯ ಸೀರೆಯಲ್ಲಿ ಹೊಲಿದಿಟ್ಟಿದ್ದಳು.

ಅಂದು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಮೊಮ್ಮಗಳ ಹಿಂದೆಯೇ ಶಾಲೆಗೆ ನಡೆದಳು. ಒಂಬತ್ತನೆಯ ತರಗತಿಯ ಕಿಟಕಿಯ ಬದಿಗೆ ಅಡಗಿ ನಿಂತು ಒಳಗೆ ಇಣುಕಿದಳು.

ಒಳಗೆ ಜೀವನ ಕೌಶಲದ ಪಾಠ ನಡೆದಿತ್ತು. “ಎದುರಿನವರ ಅಂಜಿಕೆಯನ್ನು ಮೊದಲು ಗುರುತಿಸಿ, ಆಮೇಲೆ ನಿಮ್ಮ ಮಾತು ಹೇಳಿ,” ಎಂದರು ಪರಿಮಳಾ ಟೀಚರ್. “ಅರ್ಜುಮಂದ, ನೀನು ಪಂಚಶೀಲಾಳ ಅಜ್ಜಿ ಆಗು.”

ಅರ್ಜುಮಂದ ತಲೆಯ ಮೇಲೆ ಓಢಣಿ ಎಳೆದು, ಸೊಂಟಕ್ಕೆ ಬಲಗೈಯಿಟ್ಟಳು. “ಏನ ಬೇ, ಸಾಲಿ ಎಲ್ಲಿ ಓಡಿ ಹೋಗ್ತದ? ನಡಿ ಹೊಲಕ್ಕ!”

ತರಗತಿ ನಕ್ಕಿತು. ದೇವಕಮ್ಮನ ಮುಖ ಕೆಂಪಾಯಿತು. ಒಳನುಗ್ಗಿ ಇಬ್ಬರ ಕಿವಿಯನ್ನೂ ಹಿಂಡಬೇಕು ಎನ್ನುವಷ್ಟರಲ್ಲಿ ಮೊಮ್ಮಗಳ ಮಾತು ಬಂತು.

“ಆಯಿ, ನೀ ಅಂದ್ರ ನನಗ ಜೀವ ಅದ. ಮನ್ಯಾಗ ಒಬ್ಬಾಕಿನೇ ಇರ್ತೀನಿ ಅಂತ ನಿನಗ ಅಂಜಿಕಿ, ನನಗ ಗೊತ್ತದ. ಆದ್ರ ಹೋದ ವರ್ಷ ನಮ್ಮ ಕ್ಲಾಸಿನ ದೇವಿಕಾ ಹಿಂಗೇ ಹತ್ತಿ ಬಿಡಸಾಕ ಹೋದಾಕಿ ತಿರಗಿ ಸಾಲಿಗಿ ಬರಲೇ ಇಲ್ಲ. ಸಾಲಿ ಬಿಟ್ಟ ಮ್ಯಾಲ ನೀ ಬರೂತನಾ ಅರ್ಜುಮಂದನ ಮನ್ಯಾಗ ಕುಂಡ್ರತೀನಿ. ಆಕಿ ಅವ್ವ ಖಾಸಿಂಬೀ ಚಾಚಿನ್ನ ಕೇಳೀನಿ, ಹೂಂ ಅಂದಾಳ.”

ಅರ್ಜುಮಂದ ಸೊಂಟದ ಕೈ ತೆಗೆದು ಟೀಚರ್ ಕಡೆ ನೋಡಿದಳು.

“ಈಗ ಆಯಿ ಏನಂತಾಳೆ?” ಎಂದರು ಟೀಚರ್.

“ಗೊತ್ತಿಲ್ರಿ. ಆಕಿ ಇಷ್ಟೊತ್ತು ಸುಮ್ಮ ಕೇಳೂದೇ ಇಲ್ರಿ!”

“ಕೇಳ್ಯಾಳ,” ಎಂದಿತು ಕಿಟಕಿ.

ಎಲ್ಲರೂ ತಿರುಗಿದರು. ಸರಳುಗಳಾಚೆ, ಚಪ್ಪಲಿ ಹಿಡಿದ ದೇವಕಮ್ಮ.

“ಪೂರಾ ಕೇಳ್ಯಾಳ,” ಎಂದಳು ಮುದುಕಿ. ಸೆರಗಿನಿಂದ ಕಣ್ಣೊರೆಸಿಕೊಂಡು ಅರ್ಜುಮಂದಳತ್ತ ತಿರುಗಿದಳು. “ನಾ ಸೊಂಟದ ಮ್ಯಾಲ ಇಡೂದು ಎಡಗೈ ಬೇ, ಬಲಗೈ ಅಲ್ಲ. ನೋಡಿ ಕಲಿ!”

ಮರುದಿನ ಬೆಳಿಗ್ಗೆ ಟೆಂಪೊ ಬಂದು ನಿಂತಿತು. “ಇಬ್ಬರು ಬರ್ತೀವಿ ಅಂದಿದ್ದಿ ಅಲ್ಲ ಆಯಿ, ಹುಡುಗಿ ಎಲ್ಲಿ?” ಎಂದ ಚಾಲಕ ಮರಿಲಿಂಗ.

“ಆಕಿ ಸಾಲಿಗಿ ಹೋಗ್ತಾಳ. ನಡಿ ನೀ.”

ಟೆಂಪೊ ಹತ್ತಿ ಕುಳಿತ ದೇವಕಮ್ಮ, ಮೊಮ್ಮಗಳಿಗೆಂದು ಹೊಲಿದ ಉಡಿಯನ್ನು ನಾಲ್ಕು ಮಡಿಕೆ ಮಾಡಿ, ನೋಯುವ ಮೊಣಕಾಲಿನ ಕೆಳಗೆ ಇಟ್ಟುಕೊಂಡಳು.