ಆರು ಹೆಜ್ಜೆ ಹಿಂದಕ್ಕೆ

ಯಾವ ಚಿತ್ರವನ್ನೇ ತೋರಿಸಿ, ಆ ಮನುಷ್ಯ ಮೊದಲು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದರು; ಆಮೇಲೆ ಮುಖ ತಿರುಗಿಸದೆ ಆರು ಹೆಜ್ಜೆ ಹಿಂದಕ್ಕೆ ನಡೆದು, ಅಲ್ಲಿಂದ ಇನ್ನೊಮ್ಮೆ ನೋಡುತ್ತಿದ್ದರು. ತಂಗಿಯ ಮಗಳ ಮದುವೆಯ ಫೋಟೋಗಳಿಗೂ ಇದೇ ವಿಧಿ. ಆರನೆಯ ಹೆಜ್ಜೆಗೆ ಬೀಗರ ಕಾಲು ತುಳಿದು ಬೈಸಿಕೊಂಡದ್ದೂ ಉಂಟು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತು ವರ್ಷ ಸವೆಸಿದ ಅವರನ್ನು ನಾವೆಲ್ಲ ಆರು ಹೆಜ್ಜೆಯಣ್ಣ ಎಂದೇ ಕರೆಯುತ್ತಿದ್ದೆವು.

ಮೊಣಕೈಗೆ ಎರಡು ಸಲ ತೇಪೆ ಕಂಡ ನೀಲಿ ಸ್ವೆಟರು, ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮು, ಜೊತೆಗೊಂದು ಹಟ: ಒಬ್ಬರ ಮೇಲೆ ಒಂದೇ ಸಲ ಕಿರಣ ಹಾಯಿಸಬೇಕು, ಎರಡನೆಯ ಸಲವೆಂದರೆ ಅದು ತನ್ನ ಕೈಯ ಸೋಲು. ಫಿಲ್ಮು ಹೋಗಿ ಕಂಪ್ಯೂಟರ್ ಪರದೆ ಬಂದಾಗ ಉಳಿದವರು ಗೊಣಗಿದರು. ಇವರು ಮಗುವಿನಂತೆ ಹಿಗ್ಗಿದರು. ಎಲುಬಿನ ಚಿತ್ರವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಅದು ಬರೀ ಬೂದುಬಣ್ಣದ ಚೌಕಗಳಾಗಿ ಒಡೆದ ಮೇಲೆ ದಾಖಲೆ ಕೋಣೆಯಲ್ಲಿದ್ದ ನನ್ನನ್ನು ಎಳೆದು ತಂದರು.

"ನೋಡಿ, ಇದೇ ಪಿಕ್ಸೆಲ್ಲು. ಇದಕ್ಕೆ ಎಲುಬೂ ಗೊತ್ತಿಲ್ಲ, ಮನುಷ್ಯನೂ ಗೊತ್ತಿಲ್ಲ. ತನ್ನ ಜಾಗ ಯಾವ್ದು, ತಾನೆಷ್ಟು ಬೆಳ್ಳಗಿರ್ಬೇಕು, ಅಷ್ಟೇ. ಅಕ್ಕಪಕ್ಕದೋರ ಜೊತೆ ಸೇರಿದ್ರೇನೇ ಮೊಣಕಾಲು!"

ಒಂದು ಬೆಳಿಗ್ಗೆ, ಬಸ್ಸು ಓಡಿಸುವ ಕೆಲಸಕ್ಕೆ ಆಯ್ಕೆಯಾಗಿದ್ದ ಹೆಣ್ಣುಮಗಳೊಬ್ಬಳು ವೈದ್ಯಕೀಯ ತಪಾಸಣೆಗೆ ಬಂದಳು. ಅವಳ ಎದೆಯ ಚಿತ್ರದಲ್ಲಿ, ಬಲ ಶ್ವಾಸಕೋಶದ ಮೇಲೆ, ಸಾಸಿವೆಯಷ್ಟು ಬಿಳಿ ಚುಕ್ಕೆ. ಡಾಕ್ಟರು ಹುಬ್ಬು ಗಂಟಿಕ್ಕಿ, ದೊಡ್ಡ ಪರೀಕ್ಷೆ ಆಗುವತನಕ ಕೆಲಸಕ್ಕೆ ಸೇರುವಂತಿಲ್ಲ ಎಂದುಬಿಟ್ಟರು. ಬೆಂಚಿನ ಮೇಲೆ ಅವಳ ಅತ್ತೆ ಸೊಸೆಯ ಕೈಯನ್ನು ಬಿಗಿಹಿಡಿದು ಕೂತರು.

ಆರು ಹೆಜ್ಜೆಯಣ್ಣ ಪರದೆಗೆ ಮೂಗು ತಾಗಿಸಿದರು. ಚುಕ್ಕೆಯೊಳಗಿನ ಚೌಕಗಳೆಲ್ಲ ಒಂದೇ ಬಿಳುಪು. ಅಂಚಿನಲ್ಲಿ ಬೂದು ಎಂಬುದೇ ಇಲ್ಲ. ಮನುಷ್ಯನ ಮೈಯಲ್ಲಿ ಯಾವುದೂ ಹಾಗೆ ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುವುದಿಲ್ಲ. ಹಿಂದಕ್ಕೆ ನಡೆದರು, ಕೆಮ್ಮಿದರು.

"ಇನ್ನೊಂದ್ಸಲ ತೆಗೀತೀನಿ, ಡಾಕ್ಟ್ರೇ."

"ನೀವಾ? ಎರಡನೇ ಸಲಾನಾ?"

"ಹೂಂ, ನಾನೇ. ಬಾಮ್ಮಾ, ಈ ಸಲ ಎರಡು ಬೆರಳು ಎಡಕ್ಕೆ ನಿಂತ್ಕೋ."

ಹೊಸ ಚಿತ್ರದಲ್ಲಿ ಪಕ್ಕೆಲುಬು ಸರಿದಿತ್ತು, ಹೃದಯ ಸರಿದಿತ್ತು. ಚುಕ್ಕೆ ಮಾತ್ರ ಜಪ್ಪಯ್ಯ ಎಂದರೂ ಕದಲದೆ ಪರದೆಯ ಅದೇ ಜಾಗದಲ್ಲಿ ಕೂತಿತ್ತು.

"ಅದು ನಿಂದಾಗಿದ್ರೆ ನಿನ್ನ ಜೊತೆ ಸರೀಬೇಕಿತ್ತು ಕಣಮ್ಮ. ಕೆಟ್ಟಿರೋದು ನಮ್ಮ ಮಿಷಿನ್ನಿನ ಒಂದಿಷ್ಟು ಪಿಕ್ಸೆಲ್ಲು."

"ಅಂದ್ರೆ ಇವಳಿಗೇನೂ ಆಗಿಲ್ವಾ?" ಅತ್ತೆ ಎದ್ದು ನಿಂತರು.

"ಏನೂ ಇಲ್ಲ. ನಾಳೆ ನಿಮ್ಮನ್ನೇ ಮೊದಲು ಬಸ್ಸಲ್ಲಿ ಕೂರಿಸ್ಕೊಂಡು ಹೋಗ್ಲಿ."

ಸೊಸೆ ಗೊಳ್ಳೆಂದು ನಕ್ಕಳು. ಅತ್ತೆಯ ಕಣ್ಣು ತುಂಬಿತು. ಡಾಕ್ಟರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ತಪಾಸಣೆಯ ಪತ್ರಕ್ಕೆ ಸಹಿ ಹಾಕಿದರು. ಯಂತ್ರ ದುರಸ್ತಿಯಾಗುವತನಕ ಎಕ್ಸ್‌ರೇ ಕೋಣೆಗೆ ಆ ದಿನವೇ ಬೀಗ ಬಿತ್ತು.

ಹತ್ತಿರ ನಿಂತವರಿಗೆ ಚೌಕ ಕಾಣುತ್ತದೆ, ದೂರ ನಿಂತವರಿಗೆ ಚಿತ್ರ. ನಮ್ಮಲ್ಲಿ ಬಹುಪಾಲು ಜನ ಎರಡರಲ್ಲೊಂದು ಕಡೆ ನೆಲೆನಿಂತು ತೀರ್ಪು ಕೊಟ್ಟುಬಿಡುತ್ತೇವೆ. ನಡುವಿನ ಆರು ಹೆಜ್ಜೆಗಳನ್ನು ಬೇಸರವಿಲ್ಲದೆ ನಡೆಯುವವರು, ಕಂಡ ಚುಕ್ಕೆ ತಮ್ಮ ಕೋಣೆಯದೇ ಇರಬಹುದೇ ಎಂದು ಮೊದಲು ಹುಡುಕುವವರು ಎಲ್ಲ ಕಡೆಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅಂಥವರ ಮುಂದೆ ಎದೆಯೊಡ್ಡಿ ನಿಲ್ಲಲು ನನಗೆ ಭಯವಿಲ್ಲ.